ಮೃದ್ವಸ್ಥಿಯ ಗಾಯಕ್ಕೆ ಹಂದರ

ಬೆರಳು ಕುಯ್ದುಕೊಂಡರೆ ಗಾಯ ವಾರದೊಳಗೆ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೂ ಅಷ್ಟೆ. ಸರಿಯಾಗಿ ಜೋಡಿಸಿ ಅಲುಗಾಡದಂತೆ ಇಟ್ಟರೆ ಕೆಲವು ತಿಂಗಳಲ್ಲಿ ಬೆಸೆದುಕೊಳ್ಳುತ್ತದೆ. ಆದರೆ ಕಬಡ್ಡಿ ಆಡುವಾಗ ಬಿದ್ದ ಇಪ್ಪತ್ತರ ಹುಡುಗನ ಮೊಳಕಾಲಿನ ಒಳಗೆ, ತೊಡೆಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಚಕ್ಕೆ ಕಿತ್ತುಬಂದರೆ, ಆ ಕುಳಿ ತಾನಾಗಿ ತುಂಬುವುದಿಲ್ಲ. ವರ್ಷಗಳು ಕಳೆದಂತೆ ಅದರ ಅಂಚು ಸವೆದು ಕುಳಿ ದೊಡ್ಡದಾಗುವ ಸಂಭವವೇ ಹೆಚ್ಚು. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬರುವುದಿಲ್ಲ ಎಂದು ವಿಲಿಯಂ ಹಂಟರ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದದ್ದು 1743ರಲ್ಲಿ. ಆ ಮಾತು ಸುಮಾರು ಎರಡೂವರೆ ಶತಮಾನ ಹಾಗೆಯೇ ನಿಂತಿತ್ತು.

ಅದನ್ನು ಬದಲಿಸಲು ನಡೆದಿರುವ ಯತ್ನಗಳಲ್ಲಿ ಮುಖ್ಯವಾದದ್ದು, ಕುಳಿಯೊಳಗೆ ಒಂದು ಸೂಕ್ಷ್ಮ ಹಂದರವನ್ನು ಕೂರಿಸಿ ಅದರ ಆಸರೆಯಲ್ಲಿ ಜೀವಕೋಶಗಳಿಂದ ಹೊಸ ಮೃದ್ವಸ್ಥಿಯನ್ನು ಬೆಳೆಸುವುದು. ಅವರೆಬಳ್ಳಿಗೆ ಚಪ್ಪರ ಹಾಕಿದಂತೆ ಎನ್ನಬಹುದು. ಕೇಳಲು ಇದು ಪೂರ್ತಿ ಜೀವವಿಜ್ಞಾನದ ವಿಷಯವೆನಿಸುತ್ತದೆ. ಆದರೆ ಇಲ್ಲಿನ ಅತಿ ಕಠಿಣ ತೊಡಕು ನೀರು, ಒತ್ತಡ ಮತ್ತು ರಂಧ್ರಗಳಿಗೆ ಸೇರಿದ್ದು. ಭೌತವಿಜ್ಞಾನದ ಪಾಠ ಮಾಡುವ ನಾನು ಇದನ್ನು ಬರೆಯಹೊರಟದ್ದಕ್ಕೆ ಅದೇ ಕಾರಣ.

ನೀರೇ ಆಧಾರ

ಮಾಂಸದ ಅಂಗಡಿಯಲ್ಲಿ ಕಾಲುಮೂಳೆಯ ತುದಿಯನ್ನು ನೋಡಿದವರಿಗೆ ಅಲ್ಲಿನ ನಸುನೀಲಿ ಬಿಳುಪಿನ, ಜಾರುವ ಪದರ ನೆನಪಿರಬಹುದು. ಅದೇ ಕೀಲಿನ ಮೃದ್ವಸ್ಥಿ. ನಮ್ಮ ಮೊಳಕಾಲಿನಲ್ಲಿ ಅದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅದರ ತೂಕದಲ್ಲಿ ಶೇಕಡ 65ರಿಂದ 80ರಷ್ಟು ಬರಿಯ ನೀರು. ಉಳಿದುದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಮತ್ತು ಆಗ್ರೆಕ್ಯಾನ್ ಎಂಬ ಬೃಹತ್ ಅಣುಗಳು. ಇವನ್ನೆಲ್ಲ ತಯಾರಿಸುವ ಕಾಂಡ್ರೊಸೈಟ್ ಎಂಬ ಕೋಶಗಳು ಗಾತ್ರದಲ್ಲಿ ನೂರಕ್ಕೆ ಕೆಲವೇ ಪಾಲು.

ಈ ತೆಳು ಪದರದ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕೋಣ. 60 ಕಿಲೋಗ್ರಾಂ ತೂಕದ ವ್ಯಕ್ತಿ ನಡೆಯುವಾಗ ಮೊಳಕಾಲಿನ ಮೇಲೆ ಬೀಳುವ ಬಲ ಆತನ ತೂಕದ ಎರಡೂವರೆಯಿಂದ ಮೂರು ಪಟ್ಟು. ಸ್ನಾಯುಗಳ ಎಳೆತವೂ ಸೇರುವುದರಿಂದ ಹೀಗಾಗುತ್ತದೆ. 1800 ನ್ಯೂಟನ್ ಎಂದಿಟ್ಟುಕೊಳ್ಳಿ. ಅದು 10 ಚದರ ಸೆಂ.ಮೀ. ಜಾಗದಲ್ಲಿ ಹಂಚಿಹೋದರೂ ಒತ್ತಡ 1.8 ಮೆಗಾಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ 18 ಪಟ್ಟು. ಸೊಂಟದ ಕೀಲಿನಲ್ಲಿ ಇನ್ನೂ ಹೆಚ್ಚು. ಒತ್ತಡಮಾಪಕಗಳನ್ನು ಅಳವಡಿಸಿದ್ದ ಕೃತಕ ಸೊಂಟದ ಕೀಲೊಂದರಲ್ಲಿ, ರೋಗಿ ಕುರ್ಚಿಯಿಂದ ಏಳುವಾಗ 18 ಮೆಗಾಪ್ಯಾಸ್ಕಲ್‌ವರೆಗೆ ದಾಖಲಾದದ್ದು 1986ರಲ್ಲಿ ಪ್ರಕಟವಾಯಿತು.

ಈಗ ಸೋಜಿಗವನ್ನು ಗಮನಿಸಿ. ಮೃದ್ವಸ್ಥಿಯ ಘನಭಾಗ, ಅಂದರೆ ನೀರೆಲ್ಲ ಹರಿದು ಸಮತೋಲಕ್ಕೆ ಬಂದ ಮೇಲೆ ಉಳಿಯುವ ಜಾಲ, ಬಹಳ ಮೆತು. ಅದರ ಸಂಪೀಡನ ಗುಣಾಂಕ ಸುಮಾರು 0.7 ಮೆಗಾಪ್ಯಾಸ್ಕಲ್ ಮಾತ್ರ. 1.8 ಮೆಗಾಪ್ಯಾಸ್ಕಲ್ ಒತ್ತಡ ನೇರವಾಗಿ ಅದರ ಮೇಲೆ ಬಿದ್ದರೆ ಅದು ಚಪ್ಪಟೆಯಾಗಬೇಕು. ಆದರೆ ಹಾಗಾಗುವುದಿಲ್ಲ, ಏಕೆಂದರೆ ಭಾರವನ್ನು ಹೊರುವುದು ನೀರು. ಒತ್ತಿದಾಗ ನೀರು ಹೊರಹೋಗಲು ಯತ್ನಿಸುತ್ತದೆ. ಆದರೆ ಜಾಲದ ಸಂದುಗಳು ಕೆಲವೇ ನ್ಯಾನೊಮೀಟರ್ ಅಗಲ. ನೀರು ಅದರೊಳಗೆ ಹರಿಯುವ ಸಲೀಸನ್ನು ಸೂಚಿಸುವ ಪಾರ್ಯತೆ 10⁻¹⁵ ಮೀ⁴/ನ್ಯೂಟನ್-ಸೆಕೆಂಡ್‌ನಷ್ಟು ಅಲ್ಪ. ದಪ್ಪದ ವರ್ಗವನ್ನು ಗುಣಾಂಕ ಮತ್ತು ಪಾರ್ಯತೆಗಳ ಗುಣಲಬ್ಧದಿಂದ ಭಾಗಿಸಿದರೆ ನೀರು ಬಸಿಯಲು ಬೇಕಾಗುವ ಕಾಲದ ಅಂದಾಜು ಸಿಗುತ್ತದೆ. 2 ಮಿ.ಮೀ. ಪದರಕ್ಕೆ ಅದು ಸುಮಾರು 5,700 ಸೆಕೆಂಡ್, ಅಂದರೆ ಒಂದೂವರೆ ಗಂಟೆ! ನಮ್ಮ ಒಂದು ಹೆಜ್ಜೆಗೆ ಹಿಡಿಯುವುದು ಒಂದು ಸೆಕೆಂಡ್. ನೀರು ಹೊರಟು ಬಾಗಿಲು ತಲುಪುವ ಮೊದಲೇ ಭಾರ ತೆಗೆದಾಗಿರುತ್ತದೆ. ಭಾರ ಬಿದ್ದ ಆರಂಭದಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲನ್ನು ನೀರಿನ ಒತ್ತಡವೇ ತಾಳಿಕೊಳ್ಳುತ್ತದೆ. ಘನ ಮತ್ತು ದ್ರವಗಳೆರಡನ್ನೂ ಕೂಡಿಸಿ ನೋಡುವ ಈ ದ್ವಿಪ್ರಾವಸ್ಥಾ ಸಿದ್ಧಾಂತವನ್ನು 1980ರಲ್ಲಿ ರೂಪಿಸಿದವರು ಅಮೆರಿಕದ ವಾನ್ ಮೋ ಮತ್ತು ಸಂಗಡಿಗರು. ಮೃದ್ವಸ್ಥಿಯ ಘರ್ಷಣೆ ಅಷ್ಟೊಂದು ಕಡಿಮೆ ಇರುವುದಕ್ಕೂ ಮುಖ್ಯವಾಗಿ ಇದೇ ಕಾರಣ. ಅದರ ಘರ್ಷಣಾಂಕ 0.01ಕ್ಕೂ ಕೆಳಗಿಳಿಯಬಲ್ಲದು. ಟೆಫ್ಲಾನಿನ ಮೇಲೆ ಟೆಫ್ಲಾನ್ ಜಾರುವಾಗ ಅದು 0.04ರಷ್ಟಿರುತ್ತದೆ.

ಇಷ್ಟು ನೀರು ಅಲ್ಲಿ ನಿಲ್ಲುವುದಾದರೂ ಹೇಗೆ? ಆಗ್ರೆಕ್ಯಾನ್ ಅಣುವಿನ ಆಕಾರ ಬಾಟಲಿ ತೊಳೆಯುವ ಬ್ರಷ್ಷಿನಂತೆ. ಬ್ರಷ್ಷಿನ ಒಂದೊಂದು ಕೂದಲಿನ ಉದ್ದಕ್ಕೂ ಋಣ ವಿದ್ಯುದಂಶಗಳು. ಅವು ಸೋಡಿಯಂ ಅಯಾನುಗಳನ್ನು ಸೆಳೆದಿಟ್ಟುಕೊಳ್ಳುತ್ತವೆ, ಅಯಾನುಗಳು ನೀರನ್ನು ಸೆಳೆಯುತ್ತವೆ. ಬಿಟ್ಟರೆ ಈ ಅಣುಗಳು ಇನ್ನೂ ಹಲವು ಪಟ್ಟು ಉಬ್ಬಿಯಾವು. ಬಿಡದಂತೆ ಹಿಡಿದಿರುವುದು ಕೊಲಾಜೆನ್ ಬಲೆ. ಅಂಡಿಗೆ ಕಟ್ಟಿದ ಹತ್ತಿಯಂತೆ ಮೃದ್ವಸ್ಥಿ ಸದಾ ಬಿಗಿದುಕೊಂಡೇ ಇರುತ್ತದೆ. ಈ ಉಬ್ಬುವ ಗುಣವನ್ನು ತರಗತಿಯಲ್ಲೇ ತೋರಿಸಬಹುದು. ಮಕ್ಕಳ ಡೈಪರ್ ಒಂದನ್ನು ಹರಿದು ಒಳಗಿನ ಬಿಳಿ ಪುಡಿಯನ್ನು ಗಾಜಿನ ಲೋಟಕ್ಕೆ ಉದುರಿಸಿ, ನೀರು ಹಾಕಿ. ಪುಡಿ ತನ್ನ ತೂಕದ ನೂರಾರು ಪಟ್ಟು ನೀರು ಹೀರಿ ಗಟ್ಟಿ ಲೋಳೆಯಾಗುತ್ತದೆ. ಈಗ ಒಂದು ಚಮಚ ಅಡುಗೆ ಉಪ್ಪು ಬೆರೆಸಿ ಕಲಕಿ. ಲೋಳೆ ನೀರು ಬಿಟ್ಟು ಕುಸಿಯುತ್ತದೆ. ಆ ಪುಡಿಯಲ್ಲೂ ಇರುವುದು ಋಣಾಂಶ ಹೊತ್ತ ಉದ್ದನೆಯ ಸರಪಣಿಗಳೇ. ಹೊರಗೆ ಉಪ್ಪಿನ ಅಯಾನುಗಳು ಹೆಚ್ಚಿದಾಗ ಒಳಕ್ಕೆ ನೀರೆಳೆಯುವ ಬಲ ಕುಗ್ಗುತ್ತದೆ.

ಏಕೆ ಮಾಯುವುದಿಲ್ಲ?

ಭಾರ ಹೊರಲು ಹೇಳಿಮಾಡಿಸಿದ ಈ ರಚನೆಯೇ ಗಾಯ ಮಾಯಲು ಅಡ್ಡಿ. ಇಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ದುರಸ್ತಿಯ ಕೋಶಗಳು ಬರುವುದಿಲ್ಲ. ಅಲ್ಲೇ ಇರುವ ಕಾಂಡ್ರೊಸೈಟ್‌ಗಳು ತಾವೇ ಕಟ್ಟಿದ ಗೂಡಿನಲ್ಲಿ ಸೆರೆಯಾಗಿವೆ, ಜಾಗ ಬಿಟ್ಟು ಚಲಿಸಲಾರವು. ಆರಂಭದಲ್ಲಿ ನೋವೂ ತಿಳಿಯದಿರುವುದರಿಂದ ಹಲವರು ತಡವಾಗಿ ವೈದ್ಯರ ಬಳಿ ಹೋಗುತ್ತಾರೆ.

ಹಾಗಾದರೆ ರಕ್ತವನ್ನೇ ಬರಿಸಿದರೆ? ಕುಳಿಯ ತಳದ ಮೂಳೆಯಲ್ಲಿ ಸಣ್ಣ ತೂತುಗಳನ್ನು ಮಾಡಿ ಮಜ್ಜೆಯ ರಕ್ತ ಒಸರುವಂತೆ ಮಾಡುವ ಶಸ್ತ್ರಕ್ರಿಯೆಯನ್ನು ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಬಳಕೆಗೆ ತಂದರು. ಖರ್ಚು ಕಡಿಮೆ, ವಿಧಾನ ಸರಳ. ಆದರೆ ಕುಳಿಯಲ್ಲಿ ತುಂಬಿಕೊಳ್ಳುವುದು ಹೆಚ್ಚಾಗಿ ನಾರು ಮೃದ್ವಸ್ಥಿ. ಅದರಲ್ಲಿ ಒಂದನೆಯ ಬಗೆಯ ಕೊಲಾಜೆನ್ ಹೆಚ್ಚು, ಆಗ್ರೆಕ್ಯಾನ್ ಕಡಿಮೆ. ನಿಜವಾದ ಕೀಲಿನ ಮೃದ್ವಸ್ಥಿಯಲ್ಲಿರುವುದು ಎರಡನೆಯ ಬಗೆಯದು. ನೀರನ್ನು ಹಿಡಿದಿಡಲಾಗದ ತೇಪೆ ಕೆಲವು ವರ್ಷಗಳಲ್ಲಿ ಸವೆಯತೊಡಗುತ್ತದೆ.

ಸ್ವೀಡನ್ನಿನ ಲಾರ್ಸ್ ಪೀಟರ್‌ಸನ್ ಮತ್ತು ಮ್ಯಾಟ್ಸ್ ಬ್ರಿಟ್‌ಬರ್ಗ್ ಬೇರೆ ದಾರಿ ಹಿಡಿದರು. ರೋಗಿಯ ಮೊಳಕಾಲಿನ ಭಾರ ಬೀಳದ ಮೂಲೆಯಿಂದ ಚೂರು ಮೃದ್ವಸ್ಥಿ ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ, ಕುಳಿಯೊಳಗೆ ಹಾಕಿ ಮೇಲೆ ಮೂಳೆಪೊರೆಯ ತುಂಡನ್ನು ಹೊಲಿದರು. ಮೊದಲ ಶಸ್ತ್ರಕ್ರಿಯೆ 1987ರಲ್ಲಿ. 23 ರೋಗಿಗಳ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ತೊಡೆಮೂಳೆಯ ತುದಿಯಲ್ಲಿ ಕುಳಿಯಿದ್ದ 16 ಜನರಲ್ಲಿ 14 ಮಂದಿಗೆ ಎರಡು ವರ್ಷಗಳ ನಂತರ ಒಳ್ಳೆಯ ಗುಣ ಕಂಡಿತ್ತು. ಮಂಡಿಚಿಪ್ಪಿನ ಹಿಂಬದಿಯಲ್ಲಿ ಕುಳಿಯಿದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ. ಕೋಶಗಳು ಅವೇ ಬಗೆಯವು, ವಿಧಾನವೂ ಅದೇ. ಕೀಲಿನೊಳಗಿನ ಸ್ಥಳ ಮಾತ್ರ ಬೇರೆ.

ಕೋಶಗಳಲ್ಲೂ ಒಂದು ತೊಡಕಿತ್ತು. ಗಾಜಿನ ತಟ್ಟೆಯ ಮೇಲೆ ಬೆಳೆಸಿದ ಕಾಂಡ್ರೊಸೈಟ್ ಚಪ್ಪಟೆಯಾಗಿ ಹರಡಿಕೊಂಡು ತನ್ನ ಕಸುಬನ್ನೇ ಮರೆತುಬಿಡುತ್ತದೆ. ಎರಡನೆಯ ಬಗೆಯ ಕೊಲಾಜೆನ್ ಬಿಟ್ಟು ಒಂದನೆಯ ಬಗೆಯದನ್ನು ಮಾಡತೊಡಗುತ್ತದೆ. ಆದರೆ ಅದೇ ಕೋಶವನ್ನು ಅಗರೋಸ್ ಎಂಬ, ಸಮುದ್ರಪಾಚಿಯಿಂದ ಬರುವ ಲೋಳೆಯೊಳಗೆ ಹುದುಗಿಸಿದರೆ ಅದು ಮತ್ತೆ ದುಂಡಗಾಗುತ್ತದೆ, ಹಳೆಯ ಕಸುಬು ನೆನಪಾಗುತ್ತದೆ. 1982ರಲ್ಲಿ ಬೆನ್ಯಾ ಮತ್ತು ಶಾಫರ್ ತೋರಿಸಿದ ಸಂಗತಿಯಿದು. ಕೋಶಕ್ಕೆ ಆಹಾರ ಸಾಲದು, ಮೂರು ಆಯಾಮದ ಮನೆಯೂ ಬೇಕು.

ರಂಧ್ರದ ಲೆಕ್ಕ

ಆ ಮನೆಯೇ ಹಂದರ. ತಾರಸಿ ಹಾಕುವವರು ಮೊದಲು ಸೆಂಟ್ರಿಂಗ್ ಕಟ್ಟುತ್ತಾರೆ, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಇಲ್ಲಿ ಬಿಚ್ಚುವ ಅಗತ್ಯವಿಲ್ಲ. ಕೋಶಗಳು ತಮ್ಮದೇ ಜಾಲವನ್ನು ಕಟ್ಟಿಕೊಳ್ಳುತ್ತಿದ್ದಂತೆ ಹಂದರ ಕರಗಿಹೋಗುತ್ತದೆ. ಕೊಲಾಜೆನ್, ಹಯಲುರಾನಿಕ್ ಆಮ್ಲ, ರೇಷ್ಮೆಯ ಪ್ರೋಟೀನ್ ಇವು ನಿಸರ್ಗದಿಂದ ಬಂದ ಸಾಮಗ್ರಿಗಳು. ಪಾಲಿಗ್ಲೈಕಾಲಿಕ್ ಆಮ್ಲ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮುಂತಾದವು ಕೃತಕ. ಶಸ್ತ್ರಕ್ರಿಯೆಯಲ್ಲಿ ಬಳಸುವ, ತಾನೇ ಕರಗುವ ಹೊಲಿಗೆ ದಾರ ಇದೇ ಜಾತಿಯದು. ಮೊದಲನೆಯದರ ಬಲ ಕೆಲವೇ ವಾರಗಳಲ್ಲಿ ಕುಂದುತ್ತದೆ, ಎರಡನೆಯದು ಕರಗಲು ಎರಡು ವರ್ಷದಷ್ಟು ಕಾಲ ಹಿಡಿಯಬಹುದು.

ಸೆಂಟ್ರಿಂಗ್‌ನ ಹೋಲಿಕೆ ಒಂದು ಕಡೆ ಸೋಲುತ್ತದೆ. ಹೊಸ ತಾರಸಿಯ ಮೇಲೆ ಯಾರೂ ಮರುದಿನವೇ ಕುಣಿಯುವುದಿಲ್ಲ. ಕೀಲಿಗೆ ಆ ಬಿಡುವು ಪೂರ್ತಿಯಾಗಿ ಸಿಗದು. ಹಂದರವಂತೂ ಮೊದಲ ದಿನದಿಂದಲೇ ಒಂದಿಷ್ಟು ಭಾರ ತಾಳಬೇಕು.

ಇಲ್ಲೇ ಮೂಲ ಇಕ್ಕಟ್ಟು. ಕೋಶಗಳು ಒಳಗೆ ಸೇರಲು, ಆಹಾರ ತಲುಪಲು ಹಂದರದಲ್ಲಿ ನೂರು ಮೈಕ್ರೊಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲದ ರಂಧ್ರಗಳಿದ್ದರೆ ಒಳ್ಳೆಯದು. ಮೃದ್ವಸ್ಥಿಯ ಸಂದುಗಳೋ ಕೆಲವೇ ನ್ಯಾನೊಮೀಟರ್. ಅಂದರೆ ಹಂದರದ ರಂಧ್ರ ಹತ್ತಿಪ್ಪತ್ತು ಸಾವಿರ ಪಟ್ಟು ಅಗಲ. ಪಾರ್ಯತೆ ರಂಧ್ರದ ಅಗಲದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಹಾಗಾಗಿ ಅದು ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚು. ಹಿಂದಿನ ಸೂತ್ರವನ್ನೇ ಬಳಸಿದರೆ, ನೈಜ ಮೃದ್ವಸ್ಥಿಯಲ್ಲಿ ಒಂದೂವರೆ ಗಂಟೆ ಹಿಡಿಯುವ ಬಸಿಯುವಿಕೆ ಇಲ್ಲಿ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಕಾಲದಲ್ಲಿ ಮುಗಿದುಹೋಗುತ್ತದೆ. ಕಾಲೂರುತ್ತಲೇ ನೀರು ಸೋರಿಹೋಯಿತು! ನೀರಿನ ಆಧಾರವಿಲ್ಲದೆ ಇಡೀ ಭಾರ ಹಂದರದ ಎಳೆಗಳ ಮೇಲೆ, ಒಳಗಿರುವ ಎಳೆಯ ಕೋಶಗಳ ಮೇಲೆ. ರಂಧ್ರಗಳನ್ನು ಕಿರಿದಾಗಿಸಿದರೆ ಭಾರ ತಾಳುತ್ತದೆ, ಕೋಶಗಳು ಒಳಹೋಗಲಾರವು. ಹಿಗ್ಗಿಸಿದರೆ ಕೋಶಗಳು ನೆಮ್ಮದಿಯಾಗಿ ಸೇರುತ್ತವೆ, ಹಂದರವೇ ನಿಲ್ಲದು. ಹೊಸ ವಸ್ತು ಸಿಕ್ಕಿತೆಂಬ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಇಕ್ಕಟ್ಟಿಗೆ ಅವರು ಏನು ಮಾಡಿದ್ದಾರೆ ಎಂಬುದನ್ನು.

ಒಂದು ಚೆಲುವಾದ ಉತ್ತರ ಮಗ್ಗದಿಂದ ಬಂತು. ಸೀರೆ ನೇಯುವಾಗ ಹಾಸು, ಹೊಕ್ಕು ಎಂದು ಎರಡು ದಿಕ್ಕಿನ ನೂಲುಗಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫರ್ಶಿದ್ ಗಿಲಾಕ್, ಫ್ರಾಂಕ್ ಮೌಟೋಸ್ ಮತ್ತು ಎಂ.ಐ.ಟಿ.ಯ ಲಿಸಾ ಫ್ರೀಡ್ 2007ರಲ್ಲಿ ಮೂರನೆಯ ದಿಕ್ಕಿನ ನೂಲನ್ನೂ ಸೇರಿಸಿದರು. ಹಾಸು ಹೊಕ್ಕುಗಳ ಹಲವು ಪದರಗಳನ್ನು ಮೇಲಿನಿಂದ ಕೆಳಕ್ಕೆ ಹಾಯುವ ನೂಲು ಬಿಗಿದು ಹಿಡಿಯುತ್ತದೆ. ನೂಲುಗಳ ನಡುವಿನ ಜಾಗಕ್ಕೆ ಕೋಶಗಳನ್ನು ಬೆರೆಸಿದ ಲೋಳೆ ತುಂಬಿದರು. ಕರ್ಷಣ, ಸಂಪೀಡನ, ಜಾರುಬಲ ಈ ಮೂರೂ ಪರೀಕ್ಷೆಗಳಲ್ಲಿ ಈ ಬಟ್ಟೆ ನೈಜ ಮೃದ್ವಸ್ಥಿಯ ಆಸುಪಾಸಿನಲ್ಲೇ ನಿಂತಿತು. ಅಂದರೆ ಭಾರ ಹೊರುವ ಕೆಲಸವನ್ನು ನೂಲಿಗೂ, ಕೋಶ ಸಾಕುವ ಕೆಲಸವನ್ನು ಲೋಳೆಗೂ ಹಂಚಿಕೊಟ್ಟರು. ನೈಜ ಮೃದ್ವಸ್ಥಿಯಲ್ಲೂ ಕೊಲಾಜೆನ್ ಮತ್ತು ಆಗ್ರೆಕ್ಯಾನ್ ನಡುವೆ ಇಂಥದೇ ಹಂಚಿಕೆ ಇದೆಯಲ್ಲವೆ?

ನೂಲಿನ ಮಾತು ಬಂದದ್ದರಿಂದ ರೇಷ್ಮೆಯನ್ನು ಬಿಡುವಂತಿಲ್ಲ. ರೇಷ್ಮೆ ಎಳೆಯಿಂದ ಸೆರಿಸಿನ್ ಎಂಬ ಅಂಟನ್ನು ಕುದಿಸಿ ತೆಗೆದರೆ ಉಳಿಯುವ ಫೈಬ್ರೊಯಿನ್ ಎಂಬ ಪ್ರೋಟೀನನ್ನು ಕರಗಿಸಿ, ಸ್ಪಂಜಿನಂತೆಯೋ ಲೋಳೆಯಂತೆಯೋ ಮರುರೂಪಿಸಬಹುದು. ನಮ್ಮ ದೇಶದಲ್ಲಿ ಗುವಾಹಟಿ ಮತ್ತು ದೆಹಲಿಯ ಐ.ಐ.ಟಿ.ಗಳು ರೇಷ್ಮೆಯ ಹಂದರದಲ್ಲಿ ಮೃದ್ವಸ್ಥಿ ಬೆಳೆಸುವ ಪ್ರಯೋಗಗಳನ್ನು ನಡೆಸಿವೆ. ಗುವಾಹಟಿಯವರು ನಮ್ಮಲ್ಲಿ ಬೆಳೆಯುವ ಹಿಪ್ಪುನೇರಳೆ ರೇಷ್ಮೆಯ ಜೊತೆಗೆ ಅಸ್ಸಾಮಿನ ಮೂಗಾ ರೇಷ್ಮೆಯನ್ನೂ ಪರೀಕ್ಷಿಸಿದ್ದಾರೆ. ಕೋಶಗಳು ಹಿಡಿದುಕೊಳ್ಳಲು ಬೇಕಾದ ಅಮೈನೊ ಆಮ್ಲಗಳ ಒಂದು ಸರಣಿ ಮೂಗಾದಲ್ಲಿ ಸಹಜವಾಗಿಯೇ ಇದೆ. ಇವು ಪ್ರಯೋಗಾಲಯದ ಹಂತದ ಕೆಲಸಗಳು.

ಭಾರವೇ ಸೂಚನೆ

ಹಂದರದಲ್ಲಿ ಕೋಶ ನೆಟ್ಟು ಪೋಷಕ ದ್ರವದಲ್ಲಿ ಇಟ್ಟರಾಯಿತೆ? 1996ರ ಸೆಪ್ಟೆಂಬರಿನಲ್ಲಿ, ಪಾಲಿಗ್ಲೈಕಾಲಿಕ್ ಆಮ್ಲದ ಹಂದರದಲ್ಲಿ ಕರುವಿನ ಕಾಂಡ್ರೊಸೈಟ್‌ಗಳನ್ನು ಬೆಳೆಸಿದ್ದ ಬಿಲ್ಲೆಗಳನ್ನು ರಷ್ಯದ ಮೀರ್ ಅಂತರಿಕ್ಷ ನಿಲ್ದಾಣಕ್ಕೆ ಕಳಿಸಲಾಯಿತು. ಅಂಥವೇ ಬಿಲ್ಲೆಗಳು ಭೂಮಿಯ ಮೇಲೂ ಬೆಳೆದವು. ನಾಲ್ಕು ತಿಂಗಳ ನಂತರ ಹೋಲಿಸಿದಾಗ ಎರಡೂ ಕಡೆ ಕೋಶಗಳು ಜೀವಂತವಾಗಿದ್ದವು, ಮೃದ್ವಸ್ಥಿಯನ್ನೂ ಕಟ್ಟಿದ್ದವು. ಆದರೆ ಅಂತರಿಕ್ಷದಲ್ಲಿ ಬೆಳೆದವು ಚಿಕ್ಕವು, ಗುಂಡಗಿದ್ದವು, ಯಾಂತ್ರಿಕವಾಗಿ ದುರ್ಬಲವೂ ಆಗಿದ್ದವು.

ಇದರ ಇನ್ನೊಂದು ಮುಖವನ್ನು 2000ದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ಮಾಕ್, ಕ್ಲಾರ್ಕ್ ಹಂಗ್, ಜೆರಾರ್ಡ್ ಅಟೇಶಿಯನ್ ಮತ್ತು ಸಂಗಡಿಗರು ತೋರಿಸಿದರು. ಕೋಶ ತುಂಬಿದ ಅಗರೋಸ್ ಬಿಲ್ಲೆಗಳನ್ನು ಸೆಕೆಂಡಿಗೊಮ್ಮೆಯಂತೆ, ನಡಿಗೆಯ ಲಯದಲ್ಲಿ, ಶೇಕಡ 10ರಷ್ಟು ಅದುಮಿ ಬಿಡುವ ಯಂತ್ರ ಅವರದು. ದಿನಕ್ಕೆ ಮೂರು ಗಂಟೆ, ನಡುನಡುವೆ ವಿಶ್ರಾಂತಿ. 28 ದಿನಗಳ ನಂತರ ಅದುಮಿದ ಬಿಲ್ಲೆಗಳ ಗುಣಾಂಕ ಸುಮಾರು 100 ಕಿಲೋಪ್ಯಾಸ್ಕಲ್, ಸುಮ್ಮನೆ ಇಟ್ಟವುಗಳದು 15. ಆರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ! ಆದರೂ ನೈಜ ಮೃದ್ವಸ್ಥಿಯ 700ಕ್ಕೆ ಹೋಲಿಸಿದರೆ 100 ಇನ್ನೂ ದೂರವೇ. ಅದುಮಿದಾಗ ದ್ರವ ಹರಿದು ಪೋಷಕಗಳನ್ನು ಒಯ್ಯುತ್ತದೆ. ಜೊತೆಗೆ ಒತ್ತಡ, ವಿರೂಪ, ದ್ರವದ ಹರಿವು ಇವೆಲ್ಲ ಕೋಶಕ್ಕೆ ಏನು ಕಟ್ಟಬೇಕೆಂಬ ಸೂಚನೆಗಳೂ ಹೌದು. ಭಾರ ಅತಿಯಾದರೆ ಕೋಶ ಸಾಯುತ್ತದೆ, ಇಲ್ಲದಿದ್ದರೆ ಸೋಮಾರಿಯಾಗುತ್ತದೆ.

ರೋಗಿಯ ಬಳಿಗೆ

ಹಂದರದ ಮೇಲೆ ರೋಗಿಯದೇ ಕೋಶಗಳನ್ನು ಬಿತ್ತಿ ಕುಳಿಗೆ ಅಂಟಿಸುವ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ಮ್ಯಾಸಿ ಎಂಬ ಈ ಉತ್ಪನ್ನದ ಹಂದರ ಹಂದಿಯ ಕೊಲಾಜೆನ್ನಿನ ಪೊರೆ. 3 ಚದರ ಸೆಂ.ಮೀ. ಮತ್ತು ಅದಕ್ಕಿಂತ ದೊಡ್ಡ ಕುಳಿಗಳಲ್ಲಿ ಅದನ್ನು ಮೂಳೆಗೆ ತೂತು ಮಾಡುವ ವಿಧಾನದೊಡನೆ ಹೋಲಿಸಿದ ಪರೀಕ್ಷೆಯ ವರದಿ 2014ರಲ್ಲಿ ಬಂದಿತ್ತು. ಎರಡು ವರ್ಷಗಳ ನಂತರ ನೋವು ಮತ್ತು ಓಡಾಟ ಎರಡರಲ್ಲೂ ಮ್ಯಾಸಿ ಮೇಲುಗೈ ಪಡೆದಿತ್ತು. ಆದರೆ ಬೆಳೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ, ಎಂ.ಆರ್.ಐ.ಯಲ್ಲಿ ನೋಡಿದಾಗ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತುಗಳಲ್ಲಿ ಮೊದಲ ವಾಕ್ಯ ಮಾತ್ರ ಕಾಣಿಸುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ತಂಡದ್ದು ವಿಚಿತ್ರವೆನಿಸುವ ದಾರಿ. ಮೂಗಿನ ನಡುಗೋಡೆಯ ಮೃದ್ವಸ್ಥಿಯಿಂದ ಕೋಶ ತೆಗೆದು, ಕೊಲಾಜೆನ್ ಪೊರೆಯ ಮೇಲೆ ಬೆಳೆಸಿ, 10 ರೋಗಿಗಳ ಮೊಳಕಾಲಿಗೆ ಕಸಿ ಮಾಡಿದ ವರದಿ 2016ರಲ್ಲಿ ಬಂತು. ಮೂಗಿನ ಕೋಶ ಭಾರ ಹೊತ್ತೇ ಇಲ್ಲದ್ದು, ಆದರೂ ಹೊಸ ಜಾಗಕ್ಕೆ ಹೊಂದಿಕೊಂಡಿತು. ಹವಳದ ಅಸ್ಥಿಪಂಜರದಲ್ಲಿರುವ ಅರಗೊನೈಟ್ ಎಂಬ ಕ್ಯಾಲ್ಸಿಯಂ ಕಾರ್ಬೊನೇಟಿನ ಬೆಣೆಗೆ 2022ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರಲ್ಲಿ ಕೋಶಗಳೇ ಇಲ್ಲ. ಮೂಳೆಮಜ್ಜೆಯಿಂದ ಬರುವ ಕೋಶಗಳಿಗೆ ಅದು ಮನೆ ಒದಗಿಸುತ್ತದೆ. 2024ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ಅವರ ತಂಡ, ಬೆಳವಣಿಗೆಯ ಪ್ರೋಟೀನೊಂದನ್ನು ಹಿಡಿದಿಡುವ ಪೆಪ್ಟೈಡ್ ಮತ್ತು ಹಯಲುರಾನಿಕ್ ಆಮ್ಲದ ಮಿಶ್ರಣವನ್ನು ಕುರಿಗಳ ಮೊಳಕಾಲಿನ ಕುಳಿಗೆ ತುಂಬಿ, ಆರು ತಿಂಗಳಲ್ಲಿ ಒಳ್ಳೆಯ ದುರಸ್ತಿ ಕಂಡದ್ದನ್ನು ಪ್ರಕಟಿಸಿತು. ಇಲಿಗಳಿಗಿಂತ ಕುರಿಯ ಫಲಿತಾಂಶಕ್ಕೆ ತೂಕ ಹೆಚ್ಚು, ಏಕೆಂದರೆ ಅದರ ಮೊಳಕಾಲಿನ ಮೇಲೆ ಬೀಳುವ ಭಾರ ನಮ್ಮದಕ್ಕೆ ಹತ್ತಿರ. ಆದರೂ ಕುರಿ ಕುರಿಯೇ.

ಒಂದು ಎಚ್ಚರಿಕೆ ಅಗತ್ಯ. ಇವೆಲ್ಲ ಮುಖ್ಯವಾಗಿ ಅಂಚು ಸ್ಪಷ್ಟವಾಗಿರುವ, ಸುತ್ತಲೂ ಆರೋಗ್ಯವಾದ ಮೃದ್ವಸ್ಥಿ ಇರುವ ಕುಳಿಗಳಿಗೆ, ಅಂದರೆ ನಮ್ಮ ಕಬಡ್ಡಿ ಹುಡುಗನಂಥವರಿಗೆ. ಎಪ್ಪತ್ತರ ಅಜ್ಜಿಯ ಸಂಧಿವಾತದಲ್ಲಿ ಇಡೀ ಪದರವೇ ಸವೆದಿರುತ್ತದೆ, ಕೀಲಿನ ದ್ರವದಲ್ಲಿ ಉರಿಯೂತದ ಅಣುಗಳು ತುಂಬಿರುತ್ತವೆ. ಅಲ್ಲಿ ಹಂದರ ಕಟ್ಟುವುದೆಂದರೆ ಕುಸಿಯುತ್ತಿರುವ ಕೆರೆಯ ಏರಿಯ ಮೇಲೆ ಗೋಡೆ ಎಬ್ಬಿಸಿದಂತೆ. ಗಿಲಾಕ್ ಅವರ ತಂಡ 2016ರಲ್ಲಿ, ಉರಿಯೂತವನ್ನು ತಡೆಯುವ ಅಣುವನ್ನು ಕೋಶಗಳೇ ತಯಾರಿಸುವಂತೆ ಮಾರ್ಪಡಿಸಿ ನೇಯ್ದ ಹಂದರದಲ್ಲಿ ಬೆಳೆಸಿ ತೋರಿಸಿದ್ದು ಈ ತೊಡಕನ್ನು ಗಮನದಲ್ಲಿಟ್ಟುಕೊಂಡೇ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ, ದಾನಿಗಳ ಮೂಳೆಮಜ್ಜೆಯಿಂದ ಪಡೆದ ಕೋಶಗಳ ಚುಚ್ಚುಮದ್ದಿಗೆ ಮೊಳಕಾಲಿನ ಸಂಧಿವಾತದ ಬಳಕೆಗಾಗಿ 2022ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ದೊರೆತಿದೆ. ಅದರಲ್ಲಿ ಹಂದರವಿಲ್ಲ, ಎರಡನ್ನೂ ಬೆರೆಸಿಕೊಳ್ಳಬಾರದು. ಅನುಮತಿಯೇ ಇಲ್ಲದೆ ಆಕರ ಕೋಶದ ಹೆಸರಿನಲ್ಲಿ ಹಣ ಕೀಳುವವರ ಮಾತನ್ನಂತೂ ನಂಬಬಾರದು.

ಬಗೆಹರಿಯದೆ ಉಳಿದಿರುವ ತೊಡಕುಗಳಲ್ಲಿ ದೊಡ್ಡದು ಅಂಚಿನದು. ಕುಳಿಯೊಳಗೆ ಎಷ್ಟೇ ಸೊಗಸಾದ ಮೃದ್ವಸ್ಥಿ ಬೆಳೆದರೂ ಅದು ಪಕ್ಕದ ಹಳೆಯ ಮೃದ್ವಸ್ಥಿಗೆ ಸುಲಭವಾಗಿ ಬೆಸೆಯುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಕೋಶಗಳು ಸತ್ತಿರುತ್ತವೆ, ಒತ್ತೊತ್ತಾದ ಹಳೆಯ ಜಾಲ ಹೊಸ ಕೋಶಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಸಣ್ಣ ಬಿರುಕಿನಲ್ಲಿ ಪ್ರತಿ ಹೆಜ್ಜೆಗೂ ನೀರು ಸೋರುತ್ತದೆ, ಎರಡು ಬದಿಗಳೂ ಬೇರೆ ಬೇರೆ ಪ್ರಮಾಣದಲ್ಲಿ ಅದುಮಿ ಉಜ್ಜಿಕೊಳ್ಳುತ್ತವೆ. ಆದ್ದರಿಂದಲೇ ಇಂಥ ಕಸಿಯಾದ ನಂತರ ರೋಗಿ ಕೆಲವು ವಾರ ಊರುಗೋಲು ಹಿಡಿದು, ಕಾಲಿನ ಮೇಲೆ ಹಾಕುವ ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು. ಪೂರ್ತಿ ಭಾರ ಊರಲು ಸುಮಾರು ಎರಡು ತಿಂಗಳು. ಮತ್ತೆ ಕಬಡ್ಡಿ ಅಂಕಣಕ್ಕೆ ಇಳಿಯಲು ಒಂದು ವರ್ಷವಾದರೂ ಕಾಯಬೇಕಾಗಬಹುದು.